ಚುಕ್ಕಿ ಗಿಡದ ಟೀಚರಮ್ಮ

ಹೋದ ವಾರ ನಮ್ಮ ಪುಟ್ಟಿ ತನ್ನ ಕೋಣೆಯ ಬಾಗಿಲು ತೆರೆದು ನನ್ನನ್ನು ಒಳಗೆ ಕರೆದಳು. ಗೋಡೆಗೆ ಒರಗಿಸಿದ ಕಬ್ಬಿಣದ ಸ್ಟ್ಯಾಂಡು, ಅದರ ಮೂರು ಅಂತಸ್ತಿನಲ್ಲೂ ಕುಂಡಗಳು, ಒಂದೊಂದು ಅಂತಸ್ತಿನ ನೆತ್ತಿಗೂ ಒಂದೊಂದು ಬಿಳಿ ದೀಪ. ಕಿಟಕಿಗೆ ಪರದೆ ಎಳೆದಿತ್ತು. "ಇದು ತಾಯಿ ಗಿಡ ಅಜ್ಜಿ. ಇದನ್ನ ಹೂ ಬಿಡೋಕೆ ಬಿಡಲ್ಲ. ಕಡ್ಡಿ ತಗೊಳ್ಳೋಕೆ ಅಂತಲೇ ಇಟ್ಕೊಂಡಿದೀನಿ" ಎಂದು ಹೇಳುತ್ತಾ ಕತ್ತರಿಯಿಂದ ಒಂದು ರೆಂಬೆ ಕತ್ತರಿಸಿದಳು. ಹುಣಿಸೆ ಚಿಗುರನ್ನು ಅಂಗೈಯಲ್ಲಿ ಹಿಸುಕಿದರೆ ಬರುತ್ತದಲ್ಲ, ಅಂಥ ಹಸಿ ಹುಳಿ ವಾಸನೆ ಮೂಗಿಗೆ ಬಡಿಯಿತು.

ನಾನು ತಿರುಗಿ ಹೊರಗೆ ಬಂದುಬಿಟ್ಟೆ. "ಯಾಕಜ್ಜಿ, ಅಲರ್ಜಿನಾ?" ಎಂದು ಕೇಳಿದಳು. ಹೌದು ಅಂದೆ. ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಬರೆಯುತ್ತೇನೆ. ನೀವು ಮೊಮ್ಮಕ್ಕಳೆಲ್ಲ ಓದಿಕೊಳ್ಳಿ. ಓದಿದ ಮೇಲೆ ನನ್ನನ್ನು ಕೂರಿಸಿಕೊಂಡು ಏನೂ ಕೇಳಬೇಡಿ.

ಸಿ.ಎಸ್. ಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ನನಗೆ ಒಂದು ಹೆಸರಿತ್ತು, ಕೈಗುಣ ಇರುವ ಹುಡುಗಿ ಎಂದು. ರಾಗಿ ಸಸಿ ಬೆಳೆಸುವ ಒಟ್ಲಿಗೆ ಮೊದಲ ಹಿಡಿ ಬೀಜವನ್ನು ನಮ್ಮಪ್ಪ ನನ್ನ ಕೈಯಿಂದಲೇ ಹಾಕಿಸುತ್ತಿದ್ದರು. ಅಕ್ಕಪಕ್ಕದವರು ಕುಂಬಳದ ಬೀಜ ಊರುವಾಗಲೂ ನಮ್ಮ ಬಾಗಿಲಿಗೆ ಬಂದು "ನಿಮ್ಮ ಹುಡುಗೀನ ಒಸಿ ಕಳ್ಸವ್ವ" ಎನ್ನುತ್ತಿದ್ದರು. ಕ್ಲಾಸಿನಲ್ಲಿ ಎದ್ದು ನಿಂತು ನಾಲ್ಕು ಸಾಲು ಪದ್ಯ ಹೇಳಲಾರದೆ ಕೂತುಬಿಡುತ್ತಿದ್ದ ನನಗೆ ಅದೊಂದೇ ಧೈರ್ಯ. ನನ್ನ ಬಾಯಿ ಆಡದಿದ್ದರೂ ಕೈ ಆಡುತ್ತದೆ ಎಂದುಕೊಂಡಿದ್ದೆ.

ಎಪ್ಪತ್ತೈದರ ಸುಮಾರಿಗೆ ಮದುವೆಯಾಗಿ ತುಮಕೂರಿಗೆ ಬಂದೆ. ನಿಮ್ಮ ತಾತ ಕುಣಿಗಲ್, ಅಮೃತೂರು ಕಡೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ. ಮನೆ ಮುಂದೆ ಗೇಣಗಲ ಮಣ್ಣೂ ಇಲ್ಲ, ಕಲ್ಲುಚಪ್ಪಡಿ, ಅದರಾಚೆ ಚರಂಡಿ. ನೆಡಲು ಜಾಗವಿಲ್ಲದ ಊರಿನಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಎದುರು ಮನೆಯಲ್ಲಿ ಟೀಚರಮ್ಮ ಇದ್ದರು. ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಬಿಗಿಯಾಗಿ ಕಟ್ಟಿದ ತುರುಬು, ಎದೆಯ ಮೇಲೆ ಸೆರಗಿಗೆ ಚುಚ್ಚಿದ ಎರಡು ಸೂಜಿ. ನಾನು ಬಂದ ಮೂರನೇ ದಿನವೇ ಬಾಗಿಲಿಂದ ಕರೆದರು. "ಬಾರಮ್ಮ. ತಲೆ ಬಗ್ಗಿಸ್ಕೊಂಡೇ ಎಷ್ಟು ದಿನ ಚರಂಡಿ ನೋಡ್ತೀಯ? ಒಳಗೆ ಬಾ, ಹಸಿರು ತೋರಿಸ್ತೀನಿ."

ಅವರ ನಡುಮನೆ ದೊಡ್ಡದು. ಹೆಂಚಿನ ನಡುವೆ ನಾಲ್ಕು ಕಡೆ ಗಾಜಿನ ಹೆಂಚು ಹಾಕಿಸಿದ್ದರು. ಆ ಬೆಳಕು ಬೀಳುವ ಕಡೆ ಹಲಗೆ, ಹಲಗೆಯ ಮೇಲೆ ಸಾಲಾಗಿ ಕುಂಡಗಳು. ಎಲ್ಲದರಲ್ಲೂ ಒಂದೇ ಜಾತಿಯ ಗಿಡ. ಬೆರಳು ದಪ್ಪದ ಗೆಣ್ಣು ಗೆಣ್ಣಾದ ಕಾಂಡ, ರೆಕ್ಕೆಯಂಥ ಕಡುಹಸಿರು ಎಲೆ, ಎಲೆಯ ಮೇಲೆಲ್ಲ ಬೆಳ್ಳಿ ಚುಕ್ಕಿ, ಮಗುಚಿದರೆ ಹಿಂಬದಿ ವೀಳ್ಯ ಅಗಿದ ನಾಲಿಗೆಯ ಕೆಂಪು, ಚಿವುಟಿದರೆ ಅದೇ ಹುಣಿಸೆ ಚಿಗುರಿನ ಹುಳಿ ವಾಸನೆ. ಅವರು ಅದನ್ನು ಬಿಗೋನಿಯ ಎನ್ನುತ್ತಿದ್ದರು. ಬೀದಿಯವರಿಗೆ ಅದು ಚುಕ್ಕಿ ಗಿಡ. ಎಂದೋ ವರ್ಗವಾಗಿ ಹೋದ ಹೆಡ್‌ಮಿಸ್ ಒಬ್ಬರು ಕೊಟ್ಟ ಒಂದು ಕಡ್ಡಿಯಿಂದ ಅಷ್ಟನ್ನೂ ಮಾಡಿಕೊಂಡಿದ್ದರಂತೆ. ಮೋಡದ ದಿನಗಳಲ್ಲಿ ಹಲಗೆಯ ಮೇಲೆ ಎರಡು ಟ್ಯೂಬ್‌ಲೈಟು ಹಗಲೆಲ್ಲ ಉರಿಯುತ್ತಿದ್ದವು. "ಟೀಚರಮ್ಮ ರಿಟೈರ್ ಆದ್ರೂ ಬಿಡಲಿಲ್ಲ ನೋಡು, ಗಿಡಗಳಿಗೆ ಲೈಟ್ ಹಾಕಿ ಓದಿಸ್ತಾವ್ರೆ" ಎಂದು ನಿಮ್ಮ ತಾತ ನಗುತ್ತಿದ್ದರು.

ದಿನಾ ಅಡುಗೆ ಮುಗಿಸಿ ನಾನು ಅಲ್ಲಿಗೆ ಹೋಗತೊಡಗಿದೆ. ನನಗೆ ಅವರು ಕಲಿಸಿದಷ್ಟು ಯಾರೂ ಕಲಿಸಿಲ್ಲ, ಅದನ್ನು ಇಲ್ಲ ಎನ್ನಲಾರೆ. ಹಲಗೆಯ ಕೊನೆಯ ಆರು ಕುಂಡಗಳು ತಾಯಿ ಗಿಡಗಳು. ಅವುಗಳಲ್ಲಿ ಮೊಗ್ಗು ಮೂಡಿದ ತಕ್ಷಣ ಚಿವುಟಬೇಕು. "ತಾಯಿ ಗಿಡಕ್ಕೆ ಹೂವಿನ ಆಸೆ ತೋರಿಸಬಾರದು ಕಣೇ. ಹೂವಿಗೆ ಹೋದ ಜೀವ ಕಡ್ಡಿಗೆ ಬರಲ್ಲ." ತುದಿ ಚಿವುಟಿದರೆ ಪಕ್ಕದಿಂದ ಎರಡು ಒಡೆಯುತ್ತವೆ, ಆ ಎರಡರ ತುದಿ ಚಿವುಟಿದರೆ ನಾಲ್ಕು. ಬೆಳಕಿನ ಕಡೆ ವಾಲದಂತೆ ಎರಡು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಒಂದು ಗಿಡದಿಂದ ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು, ಕತ್ತರಿಸಿದ ಮೇಲೆ ಒಂದು ತಿಂಗಳು ಅದರ ತಂಟೆಗೆ ಹೋಗಬಾರದು. ಹೊಲಿಗೆಯಂತೆಯೇ ಕಲಿಸಿದರು. ತಪ್ಪಿದರೆ ಬಿಚ್ಚಿ ಮತ್ತೆ ಹಾಕಿಸುವುದು ಗಿಡದಲ್ಲಿ ಆಗುವುದಿಲ್ಲ, ಅದಕ್ಕೇ ನೋಡಿ ಕತ್ತರಿ ಹಾಕು ಎನ್ನುತ್ತಿದ್ದರು.

ಎರಡು ಕೆಲಸ ಮಾತ್ರ ನನ್ನೊಬ್ಬಳಿಗೇ ಬಿಟ್ಟುಕೊಡಲಿಲ್ಲ. ಚಿವುಟಿದ ತುದಿ, ಉದುರಿದ ಎಲೆ ಎಲ್ಲವನ್ನೂ ಮೊರಕ್ಕೆ ಹಾಕಿಕೊಂಡು ಅವರ ಕಣ್ಣೆದುರಿಗೇ ಬಚ್ಚಲ ಹಂಡೆಯ ಒಲೆಗೆ ಸುರಿಯಬೇಕಿತ್ತು. ಹೊರಗೆ ಬಿಸಾಡಿದರೆ ರೋಗ ಹರಡುತ್ತದೆ ಎಂದಿದ್ದರು. ಮತ್ತೆ, ಯಾರಿಗಾದರೂ ಕಡ್ಡಿ ಕೊಡುವುದಿದ್ದರೆ ಅವರೇ ಅಡುಗೆಮನೆಯೊಳಗೆ ಒಯ್ದು, ಒದ್ದೆ ಬಟ್ಟೆ ಸುತ್ತಿ, ದಾರ ಕಟ್ಟಿ ತರುತ್ತಿದ್ದರು.

ಕೊಡುವುದರಲ್ಲಿ ಅವರ ಕೈ ದೊಡ್ಡದು. ಕೇಳಿದವರಿಗೆಲ್ಲ ಕೊಡುತ್ತಿದ್ದರು. ಡಾಕ್ಟರ ಹೆಂಡತಿಗೆ, ಮೂಲೆಮನೆಯ ತಹಸೀಲ್ದಾರರ ಸೊಸೆಗೆ, ಹಾಲು ಹಾಕುವ ಹೆಂಗಸಿಗೆ. ಆದರೆ ಯಾರ ಮನೆಯಲ್ಲೂ ಅದು ಚಿಗುರಲಿಲ್ಲ. ನಾಲ್ಕು ದಿನ ಹಸಿರಾಗಿ ನಿಂತು, ಐದನೇ ದಿನ ಬುಡ ಕಪ್ಪಾಗಿ ಕುಸಿಯುತ್ತಿತ್ತು. ಫಲಪುಷ್ಪ ಪ್ರದರ್ಶನದಲ್ಲಿ ಪ್ರತಿವರ್ಷ ಆ ಗಿಡಕ್ಕೆ ಮೊದಲ ಬಹುಮಾನ, ಎರಡನೆಯದಕ್ಕೆ ಅಂಥ ಗಿಡವೇ ಊರಲ್ಲಿಲ್ಲ. ಟೀಚರಮ್ಮನ ಕೈಗುಣ ಎಂದು ಎಲ್ಲರೂ ಕೈ ಮುಗಿಯುತ್ತಿದ್ದರು.

ನನಗೂ ಕೊಟ್ಟರು. ಮರಳು ಜರಡಿ ಹಿಡಿದು, ಹಳೆ ಗೊಬ್ಬರ ಬೆರೆಸಿ, ಕಿಟಕಿಯ ಬಳಿ ಇಟ್ಟೆ. ಸತ್ತಿತು. ಮತ್ತೆ ಕೇಳಿದೆ, ಮತ್ತೆ ಕೊಟ್ಟರು. ಎರಡು ವರ್ಷದಲ್ಲಿ ಆರು ಸಲ. ಪ್ರತಿಸಲವೂ ಅವರೇ ಬಂದು ಕೊಳೆತ ಕಡ್ಡಿಯನ್ನು ಕಿತ್ತು ನೋಡಿ, "ನೀರು ಜಾಸ್ತಿ ಆಯ್ತೇನೋ" ಎಂದು ಲೊಚಗುಟ್ಟುತ್ತಿದ್ದರು. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದಾಗ, ಜಗುಲಿಯಲ್ಲಿ ನಮ್ಮ ಅತ್ತೆಗೆ ಹೇಳುವುದು ಕೇಳಿಸಿತು. "ಒಳ್ಳೆ ಹುಡುಗಿ. ಬುದ್ಧಿ ಇದೆ, ಶ್ರದ್ಧೆ ಇದೆ. ಕೈಗುಣ ಒಂದಿಲ್ಲ ಪಾಪ. ಅದನ್ನ ಕಲಿಸೋಕಾಗಲ್ಲ ನೋಡಿ."

ಆ ವೇಳೆಗೆ ನನಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ನಮ್ಮ ಅತ್ತೆ ಅಮೃತೂರಿನ ಕಡೆಯವರು, ಕೆಟ್ಟವರಲ್ಲ. ಎರಡು ಸಲವೂ ನನಗೆ ಬಿಸಿನೀರು ಹುಯ್ದು ಎಣ್ಣೆ ಹಚ್ಚಿದವರು ಅವರೇ. ಆದರೆ ಟೀಚರಮ್ಮನ ಮಾತು ಕೇಳಿದ ಮೇಲೆ ಅವರ ಮನಸ್ಸಿನಲ್ಲಿ ಕಡ್ಡಿಯೂ ಬಸಿರೂ ಒಂದೇ ದಾರಕ್ಕೆ ಗಂಟು ಬಿದ್ದವು. ಬೈಯಲಿಲ್ಲ. ಹೆಪ್ಪು ಹಾಕುವುದನ್ನು ತಾವೇ ಮಾಡತೊಡಗಿದರು. ಉಪ್ಪಿನಕಾಯಿ ಜಾಡಿ ಮುಟ್ಟಲು ಹೋದರೆ "ನೀನ್ಯಾಕೆ, ನಾನು ತೆಗೀತೀನಿ ಬುಡು" ಎನ್ನುತ್ತಿದ್ದರು. "ಕಡ್ಡಿ ಚಿಗುರದೇ ಇದ್ರೆ ಏನಾಯ್ತು, ಅದನ್ನ ಸಾರು ಮಾಡಿ ತಿಂತೀವಾ?" ಎಂದು ನಿಮ್ಮ ತಾತ ತಾಯಿಯನ್ನು ಛೇಡಿಸುತ್ತಿದ್ದರು. ಅವರಿಗೆ ಅದು ತಮಾಷೆ. ನನಗೆ...

ಕುಣಿಗಲ್ಲಿನಲ್ಲಿ ನನ್ನ ನಾದಿನಿಯ ಸೀಮಂತ. ಮುತ್ತೈದೆಯರು ಒಬ್ಬೊಬ್ಬರಾಗಿ ಮಡಿಲು ತುಂಬುತ್ತಿದ್ದರು. ನಾನೂ ತೆಂಗಿನಕಾಯಿ, ರವಿಕೆ ಕಣ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬರುವಾಗ ಅತ್ತೆ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, ಕೈಯಲ್ಲಿದ್ದ ಕಾಯಿ ತೆಗೆದುಕೊಂಡರು. "ಬೇಜಾರು ಮಾಡ್ಕೋಬ್ಯಾಡ ಕಣಮ್ಮಿ. ಚೊಚ್ಚಲು ಬಸುರಿ ಅವಳು. ನೀನು ಒಳಗೆ ಎಲೆ ತೊಳಿ ಹೋಗು." ನಾನು ಹೋಗಿ ಬಾಳೆಎಲೆ ತೊಳೆದೆ. ಒಂದೇ ಎಲೆಯನ್ನು ಎಷ್ಟು ಸಲ ತೊಳೆದೆನೋ.

ತುಮಕೂರಿಗೆ ಬಂದವಳೇ ಟೀಚರಮ್ಮನ ಮುಂದೆ ಕೂತು ಕಣ್ಣೀರು ಹಾಕಿದೆ. ನನ್ನ ಜೀವನದಲ್ಲಿ ಅಷ್ಟು ಮಾತನ್ನು ಯಾರ ಮುಂದೂ ಆಡಿರಲಿಲ್ಲ. ಕಾಯಿ ಕಿತ್ತುಕೊಂಡದ್ದು, ಎಲೆ ತೊಳೆದದ್ದು, ಎಲ್ಲ ಹೇಳಿದೆ. "ಇನ್ನೊಂದೇ ಸಲ ಕಡ್ಡಿ ಕೊಡಿ ಟೀಚರಮ್ಮ. ಇದೊಂದು ಚಿಗುರಿಬಿಟ್ರೆ ನಮ್ಮತ್ತೆ ಮನಸ್ಸು ತಿರುಗ್ತದೆ." ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. "ಅಳಬೇಡ ಕಣೇ. ಈ ಸಲ ಗಟ್ಟಿ ಕಡ್ಡಿ ಆರಿಸಿ ಕೊಡ್ತೀನಿ. ಸಂಜೆ ಬಾ" ಅಂದರು.

ಸಂಜೆಯವರೆಗೆ ತಡೆಯಲಾಗಲಿಲ್ಲ. ಅತ್ತೆ ಮಲಗಿದ್ದ ಹೊತ್ತಿನಲ್ಲಿ, ಮೂರು ಗಂಟೆಗೇ, ದಿನಾ ಹೋಗುವ ಹಿತ್ತಿಲ ಬಾಗಿಲಿಂದ ಹೋದೆ. ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌ ಸದ್ದು ಮಾಡುತ್ತಿತ್ತು. ಸ್ಟೌ ಮೇಲೆ ಕೊತಕೊತ ಕುದಿಯುವ ನೀರಿನ ಪಾತ್ರೆ. ಟೀಚರಮ್ಮ ನನಗೆ ಬೆನ್ನು ಮಾಡಿ, ದಾರ ಕಟ್ಟಿದ ನಾಲ್ಕು ಕಡ್ಡಿಗಳನ್ನು ಮೇಲಿನ ಎಲೆಯ ಬುಡದವರೆಗೂ ಆ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು. ಹೊಲಿಗೆ ಎಣಿಸುವ ಹಾಗೆ ಮೆಲ್ಲನೆ ಎಣಿಸುತ್ತಿದ್ದರು. "ಏಳು... ಎಂಟು... ಒಂಬತ್ತು..." ಹತ್ತಕ್ಕೆ ತೆಗೆದು, ತಣ್ಣೀರಿಗೆ ಅದ್ದಿ, ಒದ್ದೆ ಬಟ್ಟೆಯ ಮೇಲೆ ಇಟ್ಟರು. ತಿರುಗಿದಾಗ ನಾನಿದ್ದೆ.

ಒಂದು ಕ್ಷಣ ಅವರ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಎಂದಿನ ಟೀಚರಮ್ಮನೇ ಆದರು. "ಹುಳ ಸಾಯ್ಲಿ ಅಂತ ಕಣೇ. ಬುಡದಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ" ಎಂದು ಬಟ್ಟೆ ಸುತ್ತಿ, ದಾರ ಬಿಗಿದು ನನ್ನ ಕೈಗಿಟ್ಟರು. ನಾನು ತೆಗೆದುಕೊಂಡೆ. ಬೇರೇನು ಮಾಡುವುದು ಎಂದು ತಿಳಿಯಲಿಲ್ಲ.

ಮನೆಗೆ ಬಂದು ಬಟ್ಟೆ ಬಿಚ್ಚಿದೆ. ಬೆಂದ ಸೊಪ್ಪಿನ ವಾಸನೆ. ಹಿಂದೆಲ್ಲ ಬಿಚ್ಚಿದ ಹಾಗೇ ಮಣ್ಣಿಗೆ ಊರುತ್ತಿದ್ದೆ, ಒತ್ತಿ ನೋಡಿರಲಿಲ್ಲ; ಈಗ ಉಗುರಿನಿಂದ ಒತ್ತಿದರೆ ಗಟ್ಟಿ ಕಾಂಡ ಮೆತ್ತಗೆ ಕೂರುತ್ತಿತ್ತು. ಬೆಂದದ್ದನ್ನು ಕತ್ತರಿಸಿ ತೆಗೆದು ಮೇಲಿನದನ್ನಾದರೂ ನೆಡೋಣವೆಂದು ಗೆಣ್ಣಿನ ಮೇಲೆ ಗೆಣ್ಣು ಕತ್ತರಿಸುತ್ತಾ ಹೋದೆ. ಕೊನೆಗೆ ಕೈಯಲ್ಲಿ ಬರಿ ಎಲೆ ಉಳಿಯಿತು. ಆರು ಸಲವೂ ಹೀಗೇ ಬೇಯಿಸಿ ಕೊಟ್ಟಿದ್ದರು. ಬೇಯಿಸಿ ಕೊಟ್ಟು, ಕೊಳೆತಾಗ ಬಂದು ಲೊಚಗುಟ್ಟಿ, ನನ್ನ ಕೈಗುಣ ಸರಿಯಿಲ್ಲವೆಂದು ಅತ್ತೆಗೆ ಹೇಳಿದ್ದರು.

ಮರುದಿನವೂ ನಾನು ಅಲ್ಲಿಗೆ ಹೋದೆ. ಏನೂ ಆಗದವಳಂತೆ ತಾಯಿ ಗಿಡಗಳ ತುದಿ ಚಿವುಟಿದೆ. ಮೊರವನ್ನು ಒಲೆಗೆ ಸುರಿಯುವ ಮೊದಲು ಬೆರಳುದ್ದದ ಒಂದು ತುದಿಯನ್ನು ಸೀರೆಯ ನೆರಿಗೆಯಲ್ಲಿ ಸಿಕ್ಕಿಸಿಕೊಂಡೆ. ಹುಟ್ಟಿದಂದಿನಿಂದ ನಾನು ಕದ್ದದ್ದು ಅದೊಂದೇ. ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿ, ಟ್ರಂಕಿನ ಮರೆಯಲ್ಲಿ ನೆಟ್ಟೆ. ಇಪ್ಪತ್ತು ದಿನಕ್ಕೆ ಹೊಸ ಎಲೆ ಸುರುಳಿ ಬಿಚ್ಚಿತು. ಎಲೆಯ ಮೇಲೆ ಅಕ್ಕಿನುಚ್ಚಿನಷ್ಟು ಬೆಳ್ಳಿ ಚುಕ್ಕಿ. ಕುಂಡವನ್ನು ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಇಟ್ಟೆ.

ಅತ್ತೆ ಎಲೆ ಮುಟ್ಟಿ ನೋಡಿದರು. ಮುಖ ಅರಳಿತು. "ಟೀಚರಮ್ಮ ಕೊಟ್ರಾ?"

ಸುಳ್ಳು ಹೇಳಬಹುದಿತ್ತು. ಬರಲಿಲ್ಲ. "ಇಲ್ಲ. ನಾನೇ ಕೇಳದೆ ತಂದೆ" ಅಂದೆ.

ಅವರ ಕೈ ಎಲೆಯಿಂದ ಹಿಂದೆ ಸರಿಯಿತು. "ಅಂಗಾದ್ರೆ ಏನು ಬಂತು? ಕದ್ದು ತಂದ ಕಡ್ಡಿ ಯಾರ ಕೈಲಾದ್ರೂ ಚಿಗುರ್ತದೆ ಕಣಮ್ಮಿ. ಅದು ನಿನ್ನ ಕೈಗುಣ ಅಲ್ಲ, ಕಳ್ಳತನದ ಗುಣ."

ನಮ್ಮ ಕಡೆ ಹಾಗೆ ಹೇಳುವುದುಂಟು ಎಂದು ನನಗೂ ಗೊತ್ತಿತ್ತು. ಮರೆತಿದ್ದೆ. ತೊದಲುತ್ತಾ ಬಿಸಿನೀರಿನ ವಿಷಯ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು. "ಕದ್ದೋಳೂ ನೀನೇ, ದೂರು ಹೇಳೋಳೂ ನೀನೇನಾ? ನಿನ್ನ ಕಣ್ಣೀರು ಒರೆಸಿದೋರು ಅವ್ರು. ನಡಿ, ವಾಪಸ್ ಕೊಟ್ಬಿಟ್ಟು ತಪ್ಪಾಯ್ತು ಅನ್ನು."

ಅತ್ತೆ ಮುಂದೆ, ಕುಂಡ ಹಿಡಿದು ನಾನು ಹಿಂದೆ ಬೀದಿ ದಾಟಿದೆವು. ಟೀಚರಮ್ಮನ ಜಗುಲಿಯಲ್ಲಿ ಡಾಕ್ಟರ ಹೆಂಡತಿಯೂ ಇನ್ನಿಬ್ಬರೂ ಕೂತಿದ್ದರು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಟೀಚರಮ್ಮ ನಿಟ್ಟುಸಿರು ಬಿಟ್ಟರು. "ಕೇಳಿದ್ರೆ ಕೊಡ್ತಿರಲಿಲ್ವೇನೆ ನಾನು? ಏಳು ಸಲ ಕೊಟ್ಟಿಲ್ವಾ?" ಅಂದರು. ಕುಂಡ ತೆಗೆದುಕೊಂಡು ಬುಡ ಹಿಡಿದು ಗಿಡವನ್ನು ಮೇಲೆತ್ತಿದರು. ಬೇರು ಬೆಳ್ಳಗೆ, ದಟ್ಟವಾಗಿ ಮಣ್ಣನ್ನು ಹಿಡಿದಿತ್ತು. ಅದನ್ನು ನೋಡುತ್ತಾ ಅವರ ಬೆರಳು ಒಂದು ಗಳಿಗೆ ನಿಂತಿತು. ಒಳ್ಳೆಯ ಬೇರು ಯಾವುದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಒಳಗೆ ಹೋಗಿ ಹಂಡೆಯ ಒಲೆಗೆ ಹಾಕಿದರು. ಹಸಿ ಗಿಡ ಬೆಂಕಿಯಲ್ಲಿ ಚಟಪಟ ಎಂದದ್ದು ಜಗುಲಿಗೂ ಕೇಳಿಸಿತು. ನಾನು ನಿಜ ಹೇಳಬೇಕಿದ್ದರೆ ಅದೇ ಸಮಯವಾಗಿತ್ತು. ನಾಲ್ಕು ಜನ ಇದ್ದರು, ಡಾಕ್ಟರ ಹೆಂಡತಿಯ ಮನೆಯಲ್ಲೂ ಆ ಕಡ್ಡಿ ಕೊಳೆತಿತ್ತು. ನಾನು ಖಾಲಿ ಕುಂಡ ಎತ್ತಿಕೊಂಡು ಅತ್ತೆಯ ಹಿಂದೆ ಮನೆಗೆ ನಡೆದೆ.

ಅಂದಿನಿಂದ ಬೀದಿಯಲ್ಲಿ ನನಗೆ ಹೊಸ ಹೆಸರು ಬಂತು. ನಾನು ಯಾರ ಮನೆಗೆ ಹೋದರೂ "ಕುಂಡ ಎಲ್ಲ ಎಣಿಸಿ ಇಟ್ಕೊಳ್ರಮ್ಮ" ಎಂದು ಯಾರಾದರೂ ನಗುತ್ತಿದ್ದರು. ಎರಡು ವರ್ಷಕ್ಕೆ ನಿಮ್ಮಪ್ಪ ಹುಟ್ಟಿದ, ಆಮೇಲೆ ನಿಮ್ಮ ಸೋದರತ್ತೆ. ನಮ್ಮ ಅತ್ತೆ ಮೊಮ್ಮಗನನ್ನು ಎತ್ತಿಕೊಂಡು "ಹಳೇದೆಲ್ಲ ಬುಡು ಕಣಮ್ಮಿ" ಎಂದು ಉಪ್ಪಿನಕಾಯಿ ಜಾಡಿಯನ್ನು ನನ್ನ ಕಡೆಗೆ ತಳ್ಳಿದರು. ನಾನೂ ಬಿಟ್ಟೆ. ಆದರೆ ಕುಂಡದಲ್ಲಾಗಲಿ ನೆಲದಲ್ಲಾಗಲಿ ಮತ್ತೆ ಏನನ್ನೂ ನೆಡಲಿಲ್ಲ. ಯಾಕಜ್ಜಿ ನಮ್ಮ ಮನೇಲಿ ತುಳಸೀನೂ ತಾತನೇ ನೆಡೋದು ಎಂದು ನೀವು ಕೇಳುತ್ತಿದ್ದಿರಲ್ಲ, ಅದಕ್ಕೆ ಕಾರಣ ಇದು.

ಕೆಲವು ವರ್ಷದ ಮೇಲೆ ಟೀಚರಮ್ಮನಿಗೆ ಕೈ ನಡುಕ ಶುರುವಾಯಿತು. ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಅವರ ಬಾಗಿಲು ತೆರೆದಿದ್ದಾಗ ನನ್ನ ಕಣ್ಣು ಒಳಗೆ ಹೋಗುತ್ತಿತ್ತು. ತಾಯಿ ಗಿಡಗಳು ಚಿವುಟುವವರಿಲ್ಲದೆ ಉದ್ದಕ್ಕೆ ಹೋಗಿ, ಗೊಂಚಲು ಗೊಂಚಲು ಹೂಬಿಟ್ಟು, ಬುಡ ಬರಿದಾಗಿ ವಾಲಿದ್ದವು. ಎಲ್ಲಿ ಕತ್ತರಿಸಿದರೆ ಉಳಿಯುತ್ತವೆ ಎಂದು ಬೀದಿಯಿಂದಲೇ ಹೇಳಬಲ್ಲೆನಾಗಿದ್ದೆ. ಅರ್ಧ ಗಂಟೆಯ ಕೆಲಸ. ನಾನು ಹೋಗಲಿಲ್ಲ. ಅವರು ಕರೆಯಲೂ ಇಲ್ಲ. ಒಂದು ದಿನ ಅವರ ತಮ್ಮ ಬಂದು ಕುಣಿಗಲ್ಲಿಗೆ ಕರೆದುಕೊಂಡು ಹೋದರು. ಹಲಗೆ, ಖಾಲಿ ಕುಂಡ ಮನೆಯ ಮುಂದೆ ಬಿದ್ದಿದ್ದವು.

ಎಂಬತ್ತರ ದಶಕದ ಕೊನೆಯಲ್ಲಿರಬೇಕು, ಕುಣಿಗಲ್ಲಿನಲ್ಲಿ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಊಟದ ಪಂಕ್ತಿಗೆ ಕಾಯುತ್ತಾ ನಾಲ್ಕಾರು ಹೆಂಗಸರ ನಡುವೆ ಕುರ್ಚಿಯಲ್ಲಿ ಟೀಚರಮ್ಮ ಕೂತಿದ್ದರು. ಸೆರಗಿನಲ್ಲಿ ಸೂಜಿ ಇರಲಿಲ್ಲ. ನನ್ನನ್ನು ಗುರುತು ಹಿಡಿದರು. "ಬಂದ್ಲು ನೋಡ್ರಮ್ಮ, ನಮ್ಮ ಗಿಡಗಳ್ಳಿ" ಎಂದರು. ಪ್ರೀತಿಯಿಂದಲೇ ಅಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಇವತ್ತಿಗೂ ನನಗೆ ನಾಚಿಕೆಯಾಗುವುದು ಕದ್ದದ್ದಕ್ಕಲ್ಲ, ಆ ನಗುವಿಗೆ.

ಪಕ್ಕಕ್ಕೆ ಕೂರಿಸಿಕೊಂಡು ನನ್ನ ಕೈ ಹಿಡಿದರು. ಅವರ ನಡುಕ ನನ್ನ ಬಳೆಗಳಿಗೂ ಬಂತು. "ಗಿಡ ಎಲ್ಲ ಹೋಯ್ತು ಕಣೇ. ಒಂದೂ ಉಳೀಲಿಲ್ಲ. ಅಷ್ಟು ಜನಕ್ಕೆ ಕೊಟ್ಟಿದ್ನಲ್ಲ, ಒಂದು ಕಡ್ಡಿ ಸಿಗುತ್ತಾ ಅಂತ ತುಮಕೂರಿಗೆಲ್ಲ ಹೇಳಿ ಕಳಿಸಿದೆ. ಯಾರ ಹತ್ರನೂ ಇಲ್ಲವಂತೆ." ಹತ್ತಿರ ಬಗ್ಗಿದರು. "ನಿನ್ನ ಹತ್ರ ಇರಬೇಕಲ್ಲ? ನೀನು ಒಂದು ತಗೊಂಡು ಹೋಗಿದ್ದೆ. ಚೆನ್ನಾಗಿ ಬೇರು ಬಿಟ್ಟಿತ್ತು."

ನಾನು ಅವರ ಕಣ್ಣು ನೋಡಿದೆ. ಮರೆತು ಕೇಳುತ್ತಿದ್ದಾರೋ, ನೆನಪಿದ್ದೇ ಕೇಳುತ್ತಿದ್ದಾರೋ... ತಿಳಿಯಲಿಲ್ಲ. "ಇಲ್ಲ ಟೀಚರಮ್ಮ, ನನ್ನ ಹತ್ರ ಇಲ್ಲ" ಅಂದೆ. ಅಷ್ಟರಲ್ಲಿ ಎಲೆ ಹಾಕಿದರೆಂದು ಯಾರೋ ಕರೆದರು. ಅದೇ ಕೊನೆ. ಅವರು ಹೋದ ಸುದ್ದಿ ಮೂರು ತಿಂಗಳ ಮೇಲೆ ನಿಮ್ಮ ತಾತನ ಬಸ್ಸಿನಲ್ಲಿ ಬಂತು.

ಊರಿಗೆಲ್ಲ ಯಾಕೆ ಬೇಯಿಸಿ ಕೊಟ್ಟರು ಎನ್ನುವುದು ನನಗೆ ಅರ್ಥವಾಗುತ್ತದೆ. ಅವರಿಗೆ ಇದ್ದದ್ದು ಅದೊಂದೇ ಗಿಡ, ಅದೊಂದೇ ಹೆಸರು. ಆದರೆ ನಾನು ಊರಿನವಳಾಗಿದ್ದೆನೆ? ಎರಡು ವರ್ಷ ಅವರ ಪಕ್ಕದಲ್ಲೇ ಕೂತು ಒಂದೊಂದು ಎಲೆ ಒರೆಸಿದವಳು. ನನ್ನ ಕಣ್ಣೀರು ಒರೆಸಿದ ಅದೇ ಮಧ್ಯಾಹ್ನ ಅವರು ಸ್ಟೌ ಹಚ್ಚಿದ್ದರಲ್ಲ, ಪಂಪು ಹೊಡೆಯುವಾಗ ನನ್ನ ಮುಖ ಒಂದು ಸಲವಾದರೂ ನೆನಪಾಯಿತೆ? ಅದನ್ನು ಕೇಳಬೇಕಿತ್ತು. ಕುಣಿಗಲ್ಲಿನಲ್ಲಿ ಕೈಯಲ್ಲಿ ಕೈ ಇಟ್ಟುಕೊಂಡು ಕೂತಿದ್ದೆವು, ಕೇಳಬಹುದಿತ್ತು.

ಈಗ ಅತ್ತೆಯೂ ಇಲ್ಲ, ನಿಮ್ಮ ತಾತನೂ ಇಲ್ಲ. ಆ ಅಡುಗೆಮನೆಯಲ್ಲಿ ಅಂದು ಇದ್ದವರು ಇಬ್ಬರೇ, ಅವರಲ್ಲಿ ನಾನೊಬ್ಬಳು ಉಳಿದಿದ್ದೇನೆ. ನಿಮ್ಮ ತಾತ ಬದುಕಿರುವವರೆಗೂ "ನಿನಗ್ಯಾಕೆ ಒಬ್ಬಳೂ ಗೆಳತಿ ಇಲ್ಲ, ಅಕ್ಕಪಕ್ಕ ಹೋಗಿ ನಾಲ್ಕು ಮಾತಾಡಬಾರದಾ?" ಎನ್ನುತ್ತಿದ್ದರು. ಸಂಕೋಚ ಎಂದುಕೊಂಡಿದ್ದರು. ಗೆಳತಿ ಒಬ್ಬರಿದ್ದರು ಎಂದು ನಾನು ಅವರಿಗೆ ಹೇಳಲೇ ಇಲ್ಲ.